ಹಾರದ ಹಾಳೆಯ ಮೇಲಿನ ಕುಳಿ

ನಾನು ಭೌತಶಾಸ್ತ್ರ ಓದಿದವಳು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ನನಗೆ ನಗು ಬರುತ್ತಿತ್ತು. ಅವರ ಕಣ್ಣೋ ನೆನಪೋ ತಪ್ಪಿರಬೇಕು ಅಂದುಕೊಳ್ಳುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ. ನನ್ನ ಸಿಟ್ಟು ಬೇರೆಯವರ ಮೇಲೆ.

ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಒಂದು ಕಾಲೇಜಿನಲ್ಲಿ ನಾನು ಮತ್ತು ಶಬಾನಾ ಸಂಶೋಧನೆ ಮಾಡುತ್ತಿದ್ದೆವು. ಬಾಹ್ಯಾಕಾಶದಿಂದ ಸದಾ ಬಂದು ಬಡಿಯುವ ವಿಶ್ವಕಿರಣಗಳಲ್ಲಿ ಅಪರೂಪಕ್ಕೆ ಸೀಸದಂಥ ಭಾರವಾದ ಧಾತುವಿನ ಕಣ ಇರುತ್ತದೆ. ಅದು ಎಂಥ ನಕ್ಷತ್ರದ ಸಾವಿನಲ್ಲಿ ಹುಟ್ಟಿತೆಂದು ತಿಳಿಯಲು ಮೊದಲು ಅದು ಯಾವ ಧಾತು ಎಂದು ಅಳೆಯಬೇಕು. ಅಂಥ ಕಣ ನೆಲದವರೆಗೆ ಬರುವುದಿಲ್ಲ, ಮೇಲಿನ ಗಾಳಿಯಲ್ಲೇ ಒಡೆದುಹೋಗುತ್ತದೆ. ಅದಕ್ಕೇ ಕಣ ಹಾದರೆ ಗುರುತು ಉಳಿಯುವ, ಗಾಜಿನಂಥ ಗಡಸು ಪ್ಲಾಸ್ಟಿಕ್ ಹಾಳೆಗಳ ಪೆಟ್ಟಿಗೆಯನ್ನು ದೊಡ್ಡ ಬಲೂನಿಗೆ ಕಟ್ಟಿ ಹಾರಿಸಿದ್ದೆವು. ಒಂದು ಹಾಳೆಯನ್ನು ಮಾತ್ರ ಹೋಲಿಕೆಗೆಂದು ಲ್ಯಾಬಿನ ಕಪಾಟಿನಲ್ಲೇ ಇಟ್ಟು ಬೀಗ ಹಾಕಿದ್ದೆವು.

ಪೆಟ್ಟಿಗೆ ಖಾನಾಪುರದಾಚೆ, ಕಣಕುಂಬಿಯ ಕಾಡಿನಲ್ಲಿ ಬಿತ್ತು. ಮೈಯೆಲ್ಲ ಮುಳ್ಳು ಗೀರಿಸಿಕೊಂಡು ನಾವಿಬ್ಬರೇ ಹುಡುಕಿ ತಂದೆವು. ನಮ್ಮ ವಿಭಾಗದ ಮುಖ್ಯಸ್ಥರು ಜೀಪಿನಿಂದ ಇಳಿಯಲೇ ಇಲ್ಲ.

ಹಾಳೆಯನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಇಟ್ಟರೆ ಕಣ ಹಾದ ಜಾಗ ಕುಳಿಯಾಗಿ ಕಾಣುತ್ತದೆ. ಭಾರದ ಕಣವಾದರೆ ಅಗಲವಾದ ಕುಳಿ. ಹಾರಿಬಂದ ಒಂದು ಹಾಳೆಯ ತುಂಬ ಅಲ್ಲಿ ಮೇಲೆ ಸಾಮಾನ್ಯವಾದ ಕಬ್ಬಿಣದ ಕಣಗಳು ಕೊರೆದ ಚಿಕ್ಕ ಕುಳಿಗಳಿದ್ದವು. ಅವುಗಳ ನಡುವೆ ಒಂದೇ ಒಂದು ದೊಡ್ಡದು, ಓರೆಯಾಗಿ ಬಿದ್ದಿತ್ತು. ನಾವಿಬ್ಬರೂ ಕೈ ಹಿಡಿದು ಕುಣಿದೆವು.

ಮರುದಿನ ಮಧ್ಯಾಹ್ನ ಬೇರೆ ಪಾತ್ರೆಯ ಸೋಡಾದಲ್ಲಿ ಇಟ್ಟು ತೆಗೆದ ಹೋಲಿಕೆಯ ಹಾಳೆಯನ್ನು ಶಬಾನಾ ಸೂಕ್ಷ್ಮದರ್ಶಕದಡಿ ಇಟ್ಟಳು. ಕಣ್ಣು ತೆಗೆಯದೆಯೇ ನನ್ನನ್ನು ಕರೆದಳು.

"ಬಾ ಇಲ್ಲೆ. ನೀನೂ ನೋಡು. ನನಗಷ್ಟ ಕಾಣತೈತೇನು?"

ನೋಡಿದೆ. ಹಾಳೆ ಖಾಲಿ. ಒಂದು ಕುಳಿ ಮಾತ್ರ ಇತ್ತು. ಹಿಂದಿನ ದಿನ ಕಂಡ ದೊಡ್ಡ ಕುಳಿಯದೇ ಜಾಗ, ಅದೇ ಅಗಲ, ಅದೇ ಓರೆ. ಮೂಲೆಯಲ್ಲಿ ನಾನೇ ಕೊರೆದ ಗುರುತು ನೋಡಿದೆ. ಕಪಾಟಿನ ಹಾಳೆಯೇ.

ಮುಖ್ಯಸ್ಥರು ಬಂದು ನಿಂತಲ್ಲೇ ತೀರ್ಪು ಕೊಟ್ಟರು. "ಹಾಳಿ ಅದಲಾಬದಲಿ ಮಾಡೀರಿ. ಇಷ್ಟೂ ತಿಳಿಯಂಗಿಲ್ಲೇನ್ರೀ?"

"ಅದಲಾಬದಲಿ ಆಗಿದ್ರ ಕಬ್ಬಿಣದ ಕುಳಿ ಎಲ್ಲಿ ಹೋದುವ್ರಿ ಸರ್?" ಅಂದಳು ಶಬಾನಾ. "ಒಮ್ಮೆರ ಕಣ್ಣಿಟ್ಟು ನೋಡ್ರಿ."

ಅವರು ಬಗ್ಗಿದರು. ಒಂದು ಹಾಳೆ ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದನ್ನು ನೋಡಿದರು. ಆಮೇಲೆ ಹೋಲಿಕೆಯ ಹಾಳೆಯನ್ನು ಎತ್ತಿ, ನಾವು "ಸರ್!" ಅನ್ನುವಷ್ಟರಲ್ಲಿ, ಲಟಕ್ಕನೆ ಮುರಿದು ಚೂರುಚೂರು ಮಾಡಿ ಸಿಂಕಿಗೆ ಹಾಕಿದರು.

"ಏನೂ ಇದ್ದಿಲ್ಲ," ಅಂದರು.

ಮುಂದಿನ ಸಭೆಯಲ್ಲಿ ಎಲ್ಲರೆದುರು ಹೇಳಿದ್ದೂ ಅದೇ: ಹೆಣ್ಣುಮಕ್ಕಳ ಅಜಾಗರೂಕತೆ, ಇಡೀ ಪ್ರಯೋಗವೇ ಕೆಟ್ಟಿತು. ಹಾರಿಬಂದ ಹಾಳೆಯ ಅಳತೆಯನ್ನೂ ಕೈಬಿಟ್ಟರು. ಕಾಡಿನಿಂದ ಹೊತ್ತು ತಂದದ್ದು, ಆ ಒಳ್ಳೆಯ ಅಳತೆ, ಎಲ್ಲವೂ ಮಣ್ಣುಪಾಲು! ನಮಗೆ ತಪ್ಪಾಗಿದ್ದರೆ ತೋರಿಸಬೇಕಿತ್ತು. ತಿಳಿಯದಿದ್ದರೆ ತಿಳಿಯದು ಅನ್ನಬೇಕಿತ್ತು. ಕಣ್ಣಾರೆ ಕಂಡದ್ದನ್ನು ಮುರಿಯುವುದು ಯಾವ ವಿಜ್ಞಾನ?

ಆ ಕುಳಿ ಅಲ್ಲಿಗೆ ಹೇಗೆ ಬಂತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಎಷ್ಟು ಬಗೆಯಲ್ಲಿ ಯೋಚಿಸಿದರೂ ಲೆಕ್ಕ ಕೂಡುವುದಿಲ್ಲ. ಶಬಾನಾ ಈಗ ಬೆಳಗಾವಿ ಪಕ್ಕದ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಇದ್ದಾಳೆ. ಮೊನ್ನೆ ಚಹಾ ಕುಡಿಯುತ್ತ, ಎಲ್ಲ ಮಾತು ಮುಗಿದ ಮೇಲೆ, ಮೆಲ್ಲಗೆ ಕೇಳಿದಳು.

"ಖರೇ ಹೇಳು. ನಾವು ನೋಡಿದ್ವಿ ಹೌದಿಲ್ಲೋ?"

"ನೋಡೇವಿ," ಅಂದೆ. "ಅವರೂ ನೋಡ್ಯಾರ."