ಬೀಗತಿಗೆ ಮೀಸಲಿಟ್ಟ ಹುಂಜ

ನಮ್ಮ ಹುಂಜ ಬೀಗತಿಯ ಹಿಮ್ಮಡಿಗೆ ಕುಕ್ಕಿದ್ದು ಅಕ್ಕನ ಲಗ್ನದ ಮಾತುಕತೆಯ ದಿನ. ಬೀಗತಿ ಅಂದರೆ ಅಕ್ಕನಿಗೆ ಅತ್ತೆಯಾಗಲಿದ್ದವಳು, ರಾಯಬಾಗದ ಕಡೆಯ ಗಟ್ಟಿ ಹೆಂಗಸು. ಕಾಲು ತೊಳೆಯಲು ಹಿತ್ತಲಿಗೆ ಹೋದವಳು ಸೀರೆ ಎತ್ತಿ ಹಿಡಿದು ಓಡಿ ಬಂದಳು. "ಮುಂದಿನ ಸಲ ಬಂದಾಗ ಇವನ್ನ ನನ್ನ ತಾಟಿನ್ಯಾಗ ಹಾಕ್ರಿ ಬೀಗರ. ಇಲ್ಲಂದ್ರ ನಿಮ್ಮ ಮನಿ ನೀರೂ ಮುಟ್ಟಂಗಿಲ್ಲ ನೋಡ್ರಿ!" ಎಲ್ಲರೂ ನಕ್ಕರು. ಅಪ್ಪ ಕೈಮುಗಿದು ಹೂಂ ಅಂದ.

ನನಗಂತೂ ಹಾಲು ಕುಡಿದಷ್ಟು ಸಂತೋಷ. ಎಂಬತ್ತರ ದಶಕದ ನಮ್ಮೂರು ಸದಲಗಾ ಅದು. ಅವ್ವ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಕ್ಕ, ನಾನು. ಅಕ್ಕನ ಪಾಲಿಗೆ ಒಲೆ ಬಂತು, ನನ್ನ ಪಾಲಿಗೆ ಹಿತ್ತಲ ಕೋಳಿಗಳು. ಕೋಳಿ ಸಾಕುವುದೇನೂ ದೊಡ್ಡದಲ್ಲ, ಹುಂಜಗಳನ್ನು ಹದ್ದುಬಸ್ತಿನಲ್ಲಿಡುವುದೇ ಪ್ರಾಣಸಂಕಟ. ಹುಂಜ ಹೆಚ್ಚಾದವೆಂದರೆ ಒಂದರ ಜುಟ್ಟನ್ನು ಇನ್ನೊಂದು ಕುಕ್ಕಿ ರಕ್ತ ಮಾಡುತ್ತದೆ. ಮೇಲಿಂದ ಮೇಲೆ ಹತ್ತಿ ಹೇಂಟೆಗಳ ಬೆನ್ನು ಬೋಳು ಮಾಡುತ್ತವೆ. ಹೆದರಿದ ಹೇಂಟೆ ಗೂಡು ಬಿಟ್ಟು ಬೇಲಿಸಂದಿಯಲ್ಲೋ ಜೋಳದ ಕಣಿಕೆ ಬಣವಿಯಲ್ಲೋ ಕದ್ದು ತತ್ತಿ ಇಟ್ಟು ಬರುತ್ತದೆ, ಹುಡುಕುತ್ತ ಸಾಯಬೇಕು ನಾವು. ಅದಕ್ಕೇ ಮರಿಗಳ ಜುಟ್ಟು ಕೆಂಪಾಗಿ ದನಿ ಒಡೆಯುವ ಹೊತ್ತಿಗೆ ಗಂಡುಗಳನ್ನೆಲ್ಲ ಆರಿಸಿ ಸಂತೆಗೆ ಕಳಿಸಿ ಒಂದನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದೆವು. ಆ ಒಂದು ಇವನು.

ಇವನ ಸೊಕ್ಕು ಏನು ಹೇಳಲಿ! ಕಾಳು ಹಾಕುವ ಕೈಗೇ ಕುಕ್ಕುವವ. ನಾನು ಕಸಬರಿಗೆ ಹಿಡಿಯದೆ ಹಿತ್ತಲಿಗೆ ಇಳಿದದ್ದೇ ಇಲ್ಲ. "ಇರು ಬಾಡ್ಯಾ, ಬೀಗತಿ ಬರ್ಲಿ" ಅಂತ ದಿನಾ ಬೈಯುತ್ತಿದ್ದೆ.

ಬೀಗತಿ ಬರಲೇ ಇಲ್ಲ. ಲಗ್ನ ಅವರೂರಲ್ಲೇ ಆಯಿತು. ಲಗ್ನವಾಗಿ ಹೋದ ಅಕ್ಕನನ್ನು ನಾಗರಪಂಚಮಿಗೂ ಕಳಿಸಲಿಲ್ಲ, ದೀಪಾವಳಿಗೂ ಕಳಿಸಲಿಲ್ಲ. ಅಪ್ಪ ಕರೆಯಲು ಹೋದರೆ ಆಕೆಯದು ಒಂದೇ ಮಾತು: "ತಾಯಿಲ್ಲದ ಮನಿಗಿ ಹೋಗಿ ಹುಡುಗಿ ಯಾರ ಹಂತ್ಯಾಕ ಕೂಡತಾಳ್ರಿ ಬೀಗರ? ತವರು ಅಂದ್ರ ತಾಯಿ." ಅಪ್ಪ ಚಹಾ ಕುಡಿದು ಒಬ್ಬನೇ ಬಸ್ಸು ಹತ್ತಿ ಬರುತ್ತಿದ್ದ. ಕೊನೆಗೆ ಚಳಿಗಾಲದಲ್ಲಿ, ತಾನೇ ಅಕ್ಕನನ್ನು ಕರೆದುಕೊಂಡು ಒಂದು ದಿನದ ಮಟ್ಟಿಗೆ ಬರುತ್ತೇನೆಂದು ಆಕೆ ಹೇಳಿ ಕಳಿಸಿದಳು. ಹುಂಜ ತಿಂದು ಮನಸ್ಸು ತಣ್ಣಗಾದ ಹೊತ್ತಿನಲ್ಲಿ, ಅಕ್ಕನನ್ನು ಎಂಟು ದಿನ ಬಿಟ್ಟು ಹೋಗಿರೆಂದು ಕೇಳುವುದು ಅಪ್ಪನ ಲೆಕ್ಕಾಚಾರ.

ಅದೇ ವಾರ ಮುಂಗುಸಿ ಬಂತು. ಮರಿ ಮಾಡಿದ್ದ ಕರಿ ಹೇಂಟೆಯನ್ನು ಸಂಜೆ ಬೇಲಿಯ ಹತ್ತಿರ ಹಿಡಿದು ಎಳೆದುಕೊಂಡು ಹೋಯಿತು. ತತ್ತಿ ಒಡೆದು ಬಂದು ನಾಲ್ಕು ದಿನ ಆಗಿರದ ಮರಿಗಳು ಚಿಂವ್ ಚಿಂವ್ ಅಂತ ಹಿತ್ತಲೆಲ್ಲ ಒದರಾಡಿದವು. ಬೇರೆ ಹೇಂಟೆಗಳ ಹತ್ತಿರ ಬಿಟ್ಟರೆ ಅವು ಕುಕ್ಕಿ ಓಡಿಸಿದವು. ಆಗ ಹುಂಜ ಮರಿಗಳ ಕಡೆ ಹೊರಟಿತು. ಮುಗೀತು, ಕೊಂದೇ ಹಾಕುತ್ತದೆ ಅಂತ ನಾನು ಕಸಬರಿಗೆ ಎತ್ತಿದೆ. ಅದು ನನ್ನ ಕಡೆ ನೋಡಲೂ ಇಲ್ಲ. ಕಾಲಿನಿಂದ ಮಣ್ಣು ಕೆದರಿ, ಒಂದು ಹುಳ ಎತ್ತಿ, ಮರಿಗಳ ಮುಂದೆ ಹಾಕಿ, ಕುಕ್ ಕುಕ್ ಕುಕ್ ಅಂತ ತಾಯಿಕೋಳಿಯ ದನಿಯಲ್ಲಿ ಕರೆಯಿತು. ಊರೆಲ್ಲ ಎದ್ದು ಕೂರುವಂತೆ ಕೂಗುವ ಗಂಟಲಲ್ಲಿ ಆ ಮೆತ್ತನೆಯ ದನಿ ಎಲ್ಲಿತ್ತೋ! ದಿನಾ ನುಗ್ಗೆಮರದ ಟೊಂಗೆಯ ಮೇಲೆ ಮಲಗುವ ಹುಂಜ ಅವತ್ತು ಮರ ಹತ್ತಲಿಲ್ಲ. ಗೋಡೆ ಮೂಲೆಯಲ್ಲಿ ನೆಲಕ್ಕೆ ಕೂತು ರೆಕ್ಕೆ ಸಡಿಲ ಬಿಟ್ಟಿತು. ಮರಿಗಳು ಒಂದೊಂದೇ ಒಳಗೆ ತೂರಿದವು. ಎತ್ತಿದ್ದ ಕಸಬರಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಬೀಗತಿ ಬರುವ ದಿನ ಬೆಳಿಗ್ಗೆ ಅಪ್ಪ ಬುಟ್ಟಿ, ಚೀಲ ಹಿಡಿದು ಹಿತ್ತಲಿಗೆ ಬಂದ. ಗೋಡೆಯಾಚೆ ಜೈನರ ಮನೆ, ಹೀಗಾಗಿ ಕೊಯ್ಯುವ ಕೆಲಸ ಯಾವಾಗಲೂ ಹೊಲದ ಬಾವಿಯ ಹತ್ತಿರವೇ. ಹುಂಜ ಇನ್ನೂ ಮರಿಗಳ ಮೇಲೆ ಕೂತಿತ್ತು. ಅಪ್ಪ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಎದ್ದು, ಖಾಲಿ ಬುಟ್ಟಿಯನ್ನು ಗೋಡೆಗೆ ಒರಗಿಸಿಟ್ಟ.

"ತತ್ತಿ ಎಷ್ಟದಾವ ನೋಡ. ಅದರದ ಸಾರು ಮಾಡೂಣು."

ನನಗೆ ಸಿಟ್ಟು ನೆತ್ತಿಗೇರಿತು. "ತಲಿ ಕೆಟ್ಟೈತೇನಪ್ಪಾ? ಅಕ್ಕನ್ನ ಮತ್ತ ಕಳಸ್ತಾಳೇನ ಆಕಿ? ಒಂದು ಹುಂಜದ ಸಲುವಾಗಿ ಅಕ್ಕನ್ನ ಕಳಕೊಂತಿಯೇನ?"

"ನನ್ನ ಕೈ ಏಳವಲ್ದವ್ವಾ" ಅಂದ ಅಪ್ಪ. ನಾನು ಅಳುತ್ತಲೇ ಒಲೆ ಹೊತ್ತಿಸಿದೆ.

ಮಧ್ಯಾಹ್ನ ಬೀಗತಿ ತಾಟಿನ ಮುಂದೆ ಕೂತು ರೊಟ್ಟಿ, ಕಡಲೆಹಿಟ್ಟಿನ ಜುಣಕ, ತತ್ತಿ ಸಾರು ನೋಡಿದಳು.

"ಹುಂಜ ಎಲ್ಲೈತ್ರಿ ಬೀಗರ?"

"ಹಿತ್ತಲಾಗ ಐತ್ರಿ."

"ಇನ್ನೂ ಜೀವಂತ ಐತಿ?"

ಬಡಿಸುತ್ತಿದ್ದ ಅಕ್ಕನ ಮುಖ ಬಿಳುಚಿಕೊಂಡಿತು. ಅಪ್ಪ ಮೆಲ್ಲಗೆ, "ಒಂದೀಟ ಬಂದ ನೋಡ್ರಿ. ನೋಡಿ ಏನರ ಅನ್ರಿ" ಅಂದ. ಆಕೆ ಕೈಯೂರಿ ಎದ್ದಳು. ನಾವೆಲ್ಲ ಹಿಂದೆ ಹೋದೆವು.

ಹುಂಜ ಬಿಸಿಲಲ್ಲಿ ಮರಿಗಳಿಗೆ ನುಚ್ಚು ಆರಿಸಿ ಕೊಡುತ್ತಿತ್ತು. ಅಷ್ಟರಲ್ಲಿ ಹಿತ್ತಲ ಮೇಲೆ ಹದ್ದಿನ ನೆರಳು ಹಾಯಿತು. ಹುಂಜ ಗಂಟಲಲ್ಲೇ ಗುರ್ರ್ ಅಂದು ನೆಲಕ್ಕೆ ಕುಸಿಯಿತು, ಮರಿಗಳೆಲ್ಲ ಅದರ ಮೈಯೊಳಗೆ ಮಾಯವಾದವು. ಬೀಗತಿ ಮುಂದೆ ಹೋದಳು. ಹುಂಜದ ಕತ್ತಿನ ಪುಚ್ಚಗಳು ನಿಗುರಿ ನಿಂತವು. ಆದರೆ ಎದ್ದು ಬರಲಿಲ್ಲ. ಸೀರೆಯ ಅಂಚು ರೆಕ್ಕೆಗೆ ತಾಗುವಷ್ಟು ಆಕೆ ಹತ್ತಿರ ಹೋದರೂ ಅದು ಮರಿಗಳನ್ನು ಬಿಟ್ಟು ಮಿಸುಕಲಿಲ್ಲ. ರೆಕ್ಕೆಸಂದಿಯಿಂದ ಒಂದು ಹಳದಿ ತಲೆ ಹೊರಗೆ ಬಂದು ಆಕೆಯನ್ನೇ ನೋಡಿತು.

"ಅಗಬಾಯಿ!" ಅಂದಳು ಬೀಗತಿ. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು. "ಗಂಡು ಐತಲ್ಲೋ ಇದು. ಇದಕ್ಕ ಯಾರು ಕಲಿಸಿದ್ರು?"

ಆಕೆ ತಿರುಗಿ ನೋಡದೆಯೇ ಕೇಳಿದಳು. "ಬೀಗರ, ಇವರವ್ವ ಹೋದಾಗ ನನ್ನ ಸೊಸಿ ಎಷ್ಟ ವರ್ಷದಾಕಿ ಇದ್ಲು?"

"ಹೆರಳು ಹಾಕ್ಕೊಳ್ಳಾಕ ಬರತಿದ್ದಿಲ್ರಿ ಇನ್ನಾ."

"ಮತ್ತ ಯಾರು ಹಾಕತಿದ್ರು?"

ಅಪ್ಪ ಹೆಂಗಸರ ಮುಂದೆ ಹೇಳಬಾರದ್ದನ್ನು ಹೇಳುವವನಂತೆ ನಾಚಿದ. "ನಾನ ಹಾಕತಿದ್ದೆ ರೀ. ದನಾ ಕಟ್ಟೂ ಕಣ್ಣಿ ಹೊಸೆದ ರೂಢಿ ಇತ್ತಲ್ರಿ, ಹಂಗ ಹೊಸೀತಿದ್ದೆ. ಸಾಲಿಗಿ ಹೋದ್ರ ಹುಡುಗ್ಯಾರು ನಗತಿದ್ರಂತ."

ಬೀಗತಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಒಳಗೆ ಬಂದು ತಾಟಿನ ಮುಂದೆ ಕೂತು, ಸಾರಿಗೆ ರೊಟ್ಟಿ ಮುರಿದು ಹಾಕಿ, ಇನ್ನೊಂದು ತತ್ತಿ ಕೇಳಿ ಹಾಕಿಸಿಕೊಂಡು ಉಂಡಳು. ಸಂಜೆ ಬಸ್ಸಿನ ಹೊತ್ತಾಯಿತು. ಅಕ್ಕ ಚೀಲ ಕೈಗೆತ್ತಿಕೊಂಡು ಬಾಗಿಲಲ್ಲಿ ನಿಂತಳು. ಅಪ್ಪನಿಗೆ ಕೇಳುವ ಧೈರ್ಯ ಬರಲಿಲ್ಲ.

ಬೀಗತಿಯೇ ಆ ಚೀಲ ಕಸಿದು ನನ್ನ ಕೈಗೆ ಕೊಟ್ಟು ಅಕ್ಕನ ಕಡೆ ತಿರುಗಿದಳು. "ನೀ ಎಲ್ಲಿ ಹೊಂಟಿ? ಎಂಟು ದಿನ ಇಲ್ಲೇ ಇರು. ಅಪ್ಪನ ಕೈಲೆ ತಲಿ ಹಿಕ್ಕಿಸ್ಕೊಂಡ, ಹೆರಳ ಹಾಕಿಸ್ಕೊಂಡ ಬಾ."

ಆಕೆ ಓಣಿ ದಾಟುವುದನ್ನೂ ಅಕ್ಕ ಕಾಯಲಿಲ್ಲ. ತುರುಬು ಬಿಚ್ಚಿ, ಅಪ್ಪನ ಮುಂದೆ ಬೆನ್ನು ಮಾಡಿ ಕೂತಳು.