ಜಾಲರಿ ಇದೆ

ಅವರ ಅಂಗಿಯ ಎರಡೂ ತೋಳುಗಳಿಗೆ ಸೇಫ್ಟಿ ಪಿನ್ ಇರುತ್ತಿತ್ತು. ಓಡುವ ಯಂತ್ರದ ಹತ್ತಿರ ಸಡಿಲವಾದದ್ದು ಏನೂ ಇರಬಾರದೆಂದು ಮಿಲ್ಲಿನ ಬಾಗಿಲಲ್ಲೇ ತೋಳು ಬಿಗಿದುಕೊಳ್ಳುವರು. ಕೈಗಡಿಯಾರ, ಉಂಗುರ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ನನ್ನ ಮೇಜಿನ ಮೇಲಿಡುವರು. ಅವರು ಫ್ಯಾಕ್ಟರಿ ಇನ್‌ಸ್ಪೆಕ್ಟರು. ನಾನು ಬಿ.ಎ. ಮುಗಿಸಿ ರಿಪ್ಪನ್‌ಪೇಟೆಯ ಒಂದು ಅಕ್ಕಿ ಮಿಲ್ಲಿನಲ್ಲಿ ಟೈಪಿಸ್ಟಾಗಿದ್ದೆ.

ಅವರು ಶಿವಮೊಗ್ಗದ ಬಸ್ಸಿಳಿದು ಕಾಫಿ ಕುಡಿಯುವಷ್ಟರಲ್ಲಿ ಸುದ್ದಿ ನಮಗೆ ಮುಟ್ಟುತ್ತಿತ್ತು. ನನ್ನ ಕುರ್ಚಿಯ ಹಿಂದೆ ಗೋಡೆಗೆ ಒರಗಿಸಿದ್ದ ಕಬ್ಬಿಣದ ಜಾಲರಿಯನ್ನು ಆಳುಗಳು ಹೊತ್ತೊಯ್ದು, ಓಡುವ ಬೆಲ್ಟಿಗೆ ಯಾರೂ ಸಿಕ್ಕದಂತೆ ಅದರ ಮುಂದೆ ಕೂರಿಸುವರು. ಬೆಲ್ಟು ಜಾರಿದಾಗಲೆಲ್ಲ ಜಾಲರಿಯನ್ನು ಬಿಚ್ಚಿ ಹಾಕುವ ಕೆಲಸ ಉಳಿದ ದಿನ ಯಾರಿಗೂ ಬೇಡವಾಗಿತ್ತು.

"ನೆಂಟ್ರು ಬಂದ್ರು, ಚಾಪೆ ಹಾಸ್ರೋ," ಎಂದು ತೌಡು ತುಂಬುವ ಹೆಂಗಸು ನಗುತ್ತಿದ್ದಳು.

"ಸೆರಗು ಸೊಂಟಕ್ಕೆ ಸಿಗ್ಸಮ್ಮ," ಎಂದು ಅವರು ಪ್ರತಿ ಸಲವೂ ಅವಳಿಗೆ ಹೇಳುವರು.

"ಸಿಗ್ಸ್ತೀನಿ ಸಾಹೇಬ್ರೆ. ನಿಮ್ ಪಿನ್ನು ತುಕ್ಕು ಹಿಡ್ದದೆ, ಅದ್ನ ನೋಡ್ಕಳಿ."

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕಿಗೂ ಅವರೊಬ್ಬರೇ, ಓಡಾಟವೆಲ್ಲ ಬಸ್ಸಿನಲ್ಲಿ. ಮಿಲ್ಲಿನೊಳಗೆ ಎಲ್ಲದರ ಮೇಲೂ ತೌಡಿನ ಪುಡಿ ಕೂತಿರುತ್ತಿತ್ತು, ಜಾಲರಿಯ ಮೇಲೆ ಮಾತ್ರ ಇಲ್ಲ. ಒಮ್ಮೆ ಅದರ ಮೇಲೆ ಬೆರಳಾಡಿಸಿ ಬೆರಳನ್ನೇ ನೋಡಿಕೊಂಡರು. ಸಾಗರದ ಬಸ್ಸಿಗೆ ಹೊತ್ತಾಗಿತ್ತು. ತಪಾಸಣೆ ಪುಸ್ತಕದಲ್ಲಿ 'ಜಾಲರಿ ಇದೆ' ಎಂದು ಬರೆದು ಸಹಿ ಹಾಕಿ ಹೋದರು.

ಎರಡು ತಿಂಗಳಾಗಿರಬೇಕು, ಆ ಹೆಂಗಸಿನ ಸೆರಗು ಬೆಲ್ಟಿಗೆ ಸಿಕ್ಕಿತು. ಬಲಗೈ ಮೊಣಕೈವರೆಗೆ ಹೋಯಿತು.

ವಿಚಾರಣೆಗೆ ಅವರು ಬಂದಾಗ ಮಿಲ್ಲಿನ ಸಾಹುಕಾರರು ಅದೇ ಪುಸ್ತಕವನ್ನು ತೆರೆದು ಮುಂದಿಟ್ಟರು. "ನೀವೇ ಬರ್ದಿದ್ದೀರಲ್ಲ ಸಾರ್. ಜಾಲ್ರಿ ಇತ್ತು. ಅವ್ಳೇ ತೆಗ್ದಿದ್ದು." ಹಾಗೆಂದು ದಾಖಲಾದರೆ ಅವಳಿಗೆ ಪರಿಹಾರವಿಲ್ಲ.

ಅವರು ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಕಾಗದ ಹಾಕಿ ಅಮ್ಮ, ಮೂರು ಕಾಪಿ," ಎಂದರು. ನಿಂತೇ ಹೇಳಿ ಬರೆಸಿದರು: ಜಾಲರಿಯನ್ನು ತಪಾಸಣೆಯ ದಿನವಷ್ಟೇ ತಂದು ಕೂರಿಸಿದ್ದೆಂದು ನನಗೆ ತಿಳಿದಿತ್ತು. ತಿಳಿದೂ ಬರೆಯಲಿಲ್ಲ. ತಪ್ಪು ನನ್ನದು.

"ಸಾರ್, ನಿಮ್ ಕೆಲ್ಸ ಹೋಗ್ತದೆ," ಎಂದರು ಸಾಹುಕಾರರು, ನಿಜವಾದ ಮರುಕದಿಂದಲೇ.

"ಅವ್ಳ ಕೈ ಹೋಗಿದ್ಯಲ್ಲ."

ಆ ಹೇಳಿಕೆಯ ಕೆಳಗೆ, ಯಾರನ್ನೂ ಕೇಳದೆ, ನಾನು ಒಂದು ಸಾಲು ಟೈಪ್ ಮಾಡಿದೆ: ಜಾಲರಿ ಸದಾ ನನ್ನ ಕುರ್ಚಿಯ ಹಿಂದೆ ಇರುತ್ತಿತ್ತು. ಹೆಸರು ಹಾಕಿ ಸಹಿ ಮಾಡಿದೆ. ಇನ್‌ಸ್ಪೆಕ್ಟರು ಓದಿ, "ಮನೇಲೊಂದು ಮಾತು ಕೇಳ್ಬೇಕಿತ್ತು ನೀವು," ಎಂದರಷ್ಟೆ.

ಅವಳಿಗೆ ಪರಿಹಾರ ಬಂತು. ನನಗೆ ಮರುದಿನದಿಂದ ಕೆಲಸವಿರಲಿಲ್ಲ. ಅವರಿಗೆ ಬಡ್ತಿ ತಪ್ಪಿತು, ದೂರಕ್ಕೆ ವರ್ಗವಾಯಿತು. ನಿವೃತ್ತಿಗೆ ಮೊದಲೇ ತೀರಿಕೊಂಡರೆಂದು ಈಚೆಗೆ ತಿಳಿಯಿತು.

ಅಷ್ಟು ವಯಸ್ಸಾದ ಗಂಡಸೊಬ್ಬರು 'ತಪ್ಪು ನನ್ನದು' ಎಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವರು ಮೊದಲು ಹೇಳದಿದ್ದರೆ ನಾನೂ ಹೇಳುತ್ತಿರಲಿಲ್ಲ.