ಕಲ್ಲಕ್ಕನ ವಿಷಲ್

ಇಪ್ಪತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದರೂ, ಹಿಂದೆ ಓಡಿಬಂದವರಿಗೆಂದು ಅವಳು ಒಮ್ಮೆಯೂ ಬಸ್ ನಿಲ್ಲಿಸಿದವಳಲ್ಲ. ಡಿಪೋದಲ್ಲಿ ಅವಳ ಹೆಸರೇ ಕಲ್ಲಕ್ಕ. ಆ ಮಧ್ಯಾಹ್ನ ಡ್ಯೂಟಿ ಮುಗಿದದ್ದೇ ತಡ, ಗೆಳೆಯರೆಲ್ಲ ಸೇರಿ ಅವಳನ್ನು ಹಾಡಿನ ಸಿನಿಮಾಕ್ಕೆ ಎಳೆದೊಯ್ದರು.

“ಒಂದು ಹನಿ ಕಣ್ಣೀರು ಬಂದ್ರೆ ನನ್ನ ಹೆಸರೇ ಬದಲಾಯಿಸ್ರೋ!” ಎಂದು ಪಂದ್ಯ ಕಟ್ಟಿ ಕೂತಳು.

ತೆರೆಯ ಮೇಲೆ ನಾಯಕಿಯ ಬಸ್ ಹೊರಟಿತು. ನಾಯಕ ಹಾಡುತ್ತ, ಏದುಸಿರು ಬಿಡುತ್ತ ಹಿಂದೆ ಓಡಿದ. ಕಲ್ಲಕ್ಕನ ಕೈ ತಾನಾಗಿಯೇ ಚೀಲದೊಳಗಿನ ವಿಷಲ್ ಹುಡುಕಿತು. ಪಿರ್ರ್! ನಿಲ್ಲಿಸು ಎನ್ನುವ ಒಂದೇ ವಿಷಲ್. ಪಕ್ಕದಲ್ಲಿದ್ದ ಅವಳ ಬಸ್ಸಿನ ಡ್ರೈವರ್ ಬೆಚ್ಚಿಬಿದ್ದು ಮುಂದಿನ ಕುರ್ಚಿಯನ್ನು ಬಲಗಾಲಲ್ಲಿ ಒತ್ತಿಹಿಡಿದ. ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು.

“ಕಲ್ಲು ಕರಗಿತು ಕಣ್ರೋ!” ಎಂದು ಡ್ರೈವರ್ ಕೂಗಿದ.

ಕೆನ್ನೆಯೆಲ್ಲ ತೊಯ್ದು, ನಗುವನ್ನೂ ತಡೆಯಲಾರದೆ ಅವಳು ಗದರಿದಳು: “ಬ್ರೇಕಿಂದ ಕಾಲು ತೆಗೀಬೇಡ ಕಣೋ, ಅವನಿನ್ನೂ ಹತ್ತಿಲ್ಲ!”